ಬದುಕಿದ್ದವನಿಗೆ ಅತ್ತದ್ದು

ಚಪಳಗಾಂವ
೧೨ ಫೆಬ್ರವರಿ ೨೦೨೫

ಪ್ರೀತಿಯ ಶೀತಲಗೆ,

ಸೊಲ್ಲಾಪುರದಲ್ಲಿ ನೀನೂ ಕೂಸೂ ಆರಾಮ ಇದ್ದೀರೆಂದು ನಂಬಿದ್ದೇನೆ. ನಿನ್ನ ಫೋನು ಎತ್ತಲಿಲ್ಲವೆಂದು ಸಿಟ್ಟಾಗಬೇಡ. ಇದನ್ನು ಮರಾಠಿಯಲ್ಲಿ ಬರೆದರೆ ನಿನ್ನ ಮನೆಯವರೆಲ್ಲ ಓದಿಬಿಡುತ್ತಾರೆ. ಕನ್ನಡ ಶಾಲೆಗೆ ಹೋದವರು ನಾವಿಬ್ಬರೇ, ಅದಕ್ಕೇ ಹೀಗೆ.

ಸೋಮವಾರದ ಆಡಿಷನ್ನಿಗೆಂದು ನೀನು ಕಳಿಸಿದ ನಾಟಕದ ದೃಶ್ಯ ನೋಡಿದೆ. ಗಂಡ ಸತ್ತ ಸುದ್ದಿ ಕೇಳಿ ಹೆಂಡತಿ ಹಾಡಿಕೊಂಡು ಅಳಬೇಕು. ನಮ್ಮ ಯಜಮಾನರು ಕುರಿ ಹೊಡೆದುಕೊಂಡು ಮಂಗಳವೇಢಾ ಕಡೆಯ ಹುಲಜಂತಿಗೆ ಹೋಗಿದ್ದಾರೆ. ಅತ್ತೆ ಹಣಮವ್ವ ಹೊಲದಲ್ಲಿದ್ದರು. ಕದ ಮುಚ್ಚಿ, ಜೋಳದ ಚೀಲದ ಎದುರು ಕೂತು ಶುರು ಮಾಡಿದೆ. ಮೊದಮೊದಲು ನಗು ಬಂತು. ಆಮೇಲೆ ದನಿ ಹತ್ತಿತು ನೋಡು, ನನಗೇ ಗೊತ್ತಿರದ ದನಿ.

ನಮ್ಮೂರ ಪದ್ಧತಿ ನಿನಗೆ ಗೊತ್ತಲ್ಲ. ಹಾಡಿ ಅಳುವುದು ಕೇಳಿದರೆ ಏನಾಯಿತೆಂದು ಯಾರೂ ಕೇಳುವುದಿಲ್ಲ. ಮೊದಲು ಕೊರಳಿಗೆ ಬಿದ್ದು ಅಳುತ್ತಾರೆ, ಕೇಳುವುದು ಆಮೇಲೆ. ನೆರೆಮನೆಯ ನೀಲಾಬಾಯಿ ಬಂದಳು, ಹಿಂದೆಯೇ ಓಣಿಯ ಹೆಂಗಸರೆಲ್ಲ. ಇದು ನಾಟಕ ಎಂದರೆ, ದುಃಖಕ್ಕೆ ತಲೆ ಕೆಟ್ಟಿದೆಯೆಂದು ನೀರು ಕುಡಿಸಿದರು. ಅತ್ತೆ ಹೊಲದಿಂದ ಓಡಿ ಬಂದವರೇ ಎದೆ ಬಡಿದುಕೊಂಡು ಹಾಡತೊಡಗಿದರು.

ಕೊನೆಗೆ ನಾನೇ ಯಜಮಾನರಿಗೆ ಫೋನು ಹಚ್ಚಿ ದನಿ ಎಲ್ಲರಿಗೂ ಕೇಳಿಸಿದೆ.

"ಯವ್ವಾ, ನಾ ಇಲ್ಲಿ ಬಿಸಿ ರೊಟ್ಟಿ ತಿನ್ನಾಕತ್ತೀನಿ. ಅಲ್ಲಿ ಯಾರ ಅಳಾಕತ್ತಾರ?" ಅಂದರು.

ಓಣಿಯೇ ನಕ್ಕಿತು. ನೀಲಾಬಾಯಿ ಹೊರಡುವಾಗ, "ಅಂವಗ ಆಯುಷ್ಯ ಹೆಚ್ಚಾತ ಬಿಡ. ನಿನಗ ಆ ಪಾರ್ಟ್ ಕೊಡದಿದ್ರ ಸೊಲ್ಲಾಪುರದವರಿಗೆ ಕಣ್ಣಿಲ್ಲಂತ ತಿಳಿ" ಎಂದಳು.

ಸೋಮವಾರ ನಾನು ಬರುವುದಿಲ್ಲ ಶೀತಲ. ಗಂಟಲು ಕಟ್ಟಿದೆಯೆಂದು ನಾಟಕದವರಿಗೆ ಹೇಳಿಬಿಡು. ನಿನ್ನನ್ನು ಕಾಡಿ ಬೇಡಿ ಹೆಸರು ಕೊಡಿಸಿದವಳು ನಾನೇ, ಗೊತ್ತು.

ಕೂಸಿಗೆ ಮುತ್ತು. ಬೀರೋಬಾ ನಿಮ್ಮ ಮನೆಯನ್ನು ತಣ್ಣಗಿಟ್ಟಿರಲಿ.

ನಿನ್ನ
ಸಾರಿಕಾ

ತಾ.ಕ.: ನಿನಗಾದರೂ ನಿಜ ಹೇಳುತ್ತೇನೆ. ಹಾಡಿ ಅಳುವಾಗ, ಸತ್ತವನು ಬಿಟ್ಟುಹೋದವರನ್ನೆಲ್ಲ ಹೆಸರು ಹಿಡಿದು ಕರೆಯುತ್ತಾರಲ್ಲ, ಅತ್ತೆಯೂ ಕರೆದರು. "ಈ ಸಾರಿಕಾಗ ಯಾರ ದಿಕ್ಕೋ ನನ ಮಗನ, ಹುಲಜಂತ್ಯಾಗಿನ ಶಾರದಾಗ ಯಾರ ದಿಕ್ಕೋ, ಆಕಿ ಉಡ್ಯಾಗಿನ ನಿನ್ನ ಕೂಸಿಗೆ ಯಾರ ದಿಕ್ಕೋ" ಎಂದರು. ನಾನು ಅಳುವುದು ನಿಲ್ಲಿಸಿ ಸುತ್ತ ನೋಡಿದೆ. ಬೆಚ್ಚಿದವರು ಒಬ್ಬರೂ ಇರಲಿಲ್ಲ. ಎಲ್ಲರೂ ಗೊತ್ತಿದ್ದ ಹಾಡಿಗೆ ಸೇರುವಂತೆ ದನಿಗೂಡಿಸಿದರು.