ಹನ್ನೊಂದು ಫ್ರಿಜ್ಜು, ಒಂದು ಲೋಟ ನೀರು

ಭಾನುವಾರ, ಹನ್ನೆರಡನೇ ತಾರೀಖು

ನನ್ನ ದೊಡ್ಡ ಮಗಳೇ,

ಚೆನ್ನಾಗಿದ್ದೀಯಾ? ಫೋನಿರುವ ಕಾಲದಲ್ಲಿ ಅಪ್ಪ ಕಾಗದ ಬರೆದಿದ್ದಾನೆ ಅಂದರೆ ಏನೋ ಕಿತಾಪತಿ ಅಂತ ಲಕೋಟೆ ಅಲ್ಲಾಡಿಸಿ ನೋಡಿರುತ್ತೀಯ. ನಿನ್ನಾಣೆ, ಜಿರಳೆ ಹಾಕಿಲ್ಲ. ಮೂರು ವಾರದಿಂದ ಬರೆಯಬೇಕು ಅಂದುಕೊಂಡು ಮುಂದೆ ಹಾಕಿದೆ, ಬೈಬೇಡ. ನಾನು ಸೋಮಾರಿ ಅಲ್ಲ, ಸೋಮವಾರದಿಂದ ಶನಿವಾರದವರೆಗೆ ಪುರುಸೊತ್ತಿಲ್ಲ ಅಷ್ಟೇ.

ನಿನ್ನ ತಂಗಿಯ ಗುಜರಿ ಈಗ ಗುಡ್ಡವಾಗಿದೆ. ನಮ್ಮ ನಡುಮನೆಯಲ್ಲಿ ಒಂದು ಸತ್ತ ಮಿಕ್ಸಿ ಬಿಚ್ಚಿ ಶುರುಮಾಡಿದಳಲ್ಲ, ಈಗ ಮೂರು ಶೆಡ್ಡು, ಒಂದು ಲಾರಿ, ಹದಿನಾಲ್ಕು ಜನ. ಬಿಚ್ಚಿದ ತಾಮ್ರ, ತಗಡು, ಪ್ಲಾಸ್ಟಿಕ್ಕು ಬೇರೆ ಬೇರೆ ರಾಶಿ. ಸಂಜೆ ಬಿಸಿಲಿಗೆ ತಾಮ್ರದ ತಂತಿ ಫಳಫಳ ಅನ್ನುವಾಗ ಅಮ್ಮನಿಗೆ ತೋರಿಸಿ, "ನೋಡೇ, ಗುಜರಿಯಲ್ಲೂ ಜರಿ ಇದೆ" ಅಂದೆ. "ಹಾಗಾದ್ರೆ ಮೈತುಂಬ ಹೊದ್ಕೊಂಡು ಮಲ್ಕೊಳ್ಳಿ" ಅಂದಳು. ಅವಳ ಬಾಯಿ ಇನ್ನೂ ರಿಪೇರಿಗೆ ಬಂದಿಲ್ಲ.

ನನ್ನದು ವೈದ್ಯನ ಕೆಲಸ. ಬಂದ ಫ್ರಿಜ್ಜಿಗೆ ಕರೆಂಟು ಕೊಟ್ಟು, ಹಿಂದಿನ ಕಂಪ್ರೆಸರಿಗೆ ಕಿವಿ ಇಡುತ್ತೇನೆ. "ಬದುಕಿದೆ" ಅಂದರೆ ರಿಪೇರಿಗೆ, "ಹೋಯ್ತು" ಅಂದರೆ ಬಿಚ್ಚೋದಕ್ಕೆ. ಅಪ್ಪನ ಕಿವಿಯ ಮೇಲೇ ಅಂಗಡಿ ಬೆಳೆದದ್ದು ಅಂತ ನಿನ್ನ ತಂಗಿ ಬಂದವರಿಗೆಲ್ಲ ಹೇಳುತ್ತಾಳೆ.

ಹೋದ ತಿಂಗಳು ಒಂದು ಹಾಸ್ಟೆಲಿನಿಂದ ಹನ್ನೊಂದು ಫ್ರಿಜ್ಜು ಬಂದವು. ಹನ್ನೊಂದಕ್ಕೂ ಕಿವಿ ಇಟ್ಟೆ. ಹನ್ನೊಂದೂ ಹೋದವು ಅಂದೆ. ತಂತಿ ಬಿಚ್ಚುವುದರಲ್ಲಿ ಎತ್ತಿದ ಕೈ ಅಂತ ನಾವು ತಾಮ್ರಣ್ಣ ಅನ್ನುತ್ತೇವಲ್ಲ, ಅವನು ನಾಲ್ಕರ ಗ್ಯಾಸ್ ಎಳೆದು ಬಿಚ್ಚಿಯೇ ಹಾಕಿದ. ಐದನೆಯದರ ಪ್ಲಗ್ಗು ಕೀಳುವುದನ್ನು ನಾನು ಮರೆತಿದ್ದೆ. ಬಾಗಿಲು ತೆಗೆದ, ಒಳಗೆ ತಣ್ಣಗಿದೆ!

"ಯಜಮಾನ್ರೇ, ನಿಮ್ ಹೆಣ ನಡುಗ್ತಾ ಇದೆ!" ಅಂತ ಕೂಗಿದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಪ್ಪಾ, ನಿನ್ ಕುಚೇಷ್ಟೆಗೆ ನಾಲ್ಕು ಒಳ್ಳೇ ಫ್ರಿಜ್ಜು ಬಲಿಯಾಯ್ತಲ್ಲ!" ಅಂತ ನಿನ್ನ ತಂಗಿ ಬೈದಳು, ಆಮೇಲೆ ತಾನೂ ನಕ್ಕಳು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ.

ಮಾರನೇ ದಿನದಿಂದ ಫ್ರಿಜ್ಜಿನ ತಲೆಯ ಮೇಲೆ ಒಂದು ಲೋಟ ನೀರು ಇಡುತ್ತೇನೆ. ನೀರು ನಡುಗಿದರೆ ಜೀವ ಇದೆ. ಅದೂ ಹೊಸ ಆಟ ಅಂದುಕೊಂಡರು, ಈಗ ಶೆಡ್ಡಿನಲ್ಲೆಲ್ಲ ಅದೇ ಪದ್ಧತಿ. 'ಅಜ್ಜನ ಲೋಟ' ಅಂತ ಹೆಸರಿಟ್ಟಿದ್ದಾರೆ. ನಿನ್ನ ತಂಗಿ ನಾಲ್ಕನೇ ಶೆಡ್ಡು ಗೊತ್ತುಮಾಡಿದ್ದಾಳೆ. "ಅಲ್ಲಿ ಬರೋ ಫ್ಯಾನು, ಮೋಟಾರು ಎಲ್ಲ ಪರೀಕ್ಷೆ ಮಾಡೋದು ನೀನೇ, ಅಪ್ಪಾ" ಅನ್ನುತ್ತಾಳೆ.

ಅಳಿಯಂದಿರನ್ನು ಕೇಳಿದೆ ಅಂತ ಹೇಳು. ಮೊಮ್ಮಗಳಿಗೆ ಒಂದು ಮುತ್ತು. ಮುರಿದ ಆಟಿಕೆ ಎಸೆಯಬೇಡ, ತಾತನಿಗೆ ಎತ್ತಿಡು ಅನ್ನು. ನಿಮ್ಮ ಮನೆ ಫ್ರಿಜ್ಜು ನೂರು ವರ್ಷ ಬಾಳಲಿ, ನೀವು ಅದಕ್ಕಿಂತ ಒಂದು ದಿನ ಹೆಚ್ಚಿಗೆ ಬಾಳಿ.

ಇಂತಿ,
ನಿನ್ನ ಕಿತಾಪತಿ ಅಪ್ಪ

ಮರೆತಿದ್ದೆ ಅಂತ ಬರೆದರೆ ಸುಳ್ಳಾಗುತ್ತದೆ, ಬೇಕಂತಲೇ ಕೊನೆಗೆ ಇಟ್ಟುಕೊಂಡೆ. ನೀನು ಫೋನ್ ಮಾಡಿದಾಗ ನಾನು ಮಧ್ಯೆ ಬೆಕ್ಕಿನ ಹಾಗೆ ಕೂಗುವುದು, ಹಾಡು ಹೇಳುವುದು, ಅಮ್ಮನ ಕೈಗೆ ಕೊಟ್ಟು ಓಡುವುದು ತಮಾಷೆ ಅಲ್ಲ ಕಣೇ. ಎದುರು ನಿಂತು ಕೂಗಿದರೆ ಕೇಳುತ್ತದೆ, ಉಳಿದದ್ದನ್ನು ಮುಖ ನೋಡಿ ತಿಳಿದುಕೊಳ್ಳುತ್ತೇನೆ. ಫೋನಿಗೆ ಮುಖ ಇಲ್ಲ. ಹೋದ ಭಾನುವಾರ ನೀನು ಮಾತಾಡುತ್ತಿದ್ದಾಗ ಫೋನನ್ನು ಲೋಟಕ್ಕೆ ಒರಗಿಸಿ ನೋಡಿದೆ. ನೀರು ಅಲುಗಲಿಲ್ಲ.

ಸತ್ತಿದೆಯೋ ಬದುಕಿದೆಯೋ ಅನ್ನುವುದು ಲೋಟಕ್ಕೆ ಗೊತ್ತು, ಕಾಯಿಲೆ ಯಾವುದು ಅನ್ನುವುದು ಕಿವಿಗೇ ಗೊತ್ತಾಗಬೇಕು. ನಾಲ್ಕನೇ ಶೆಡ್ಡು ನನ್ನಿಂದ ಆಗುವುದಿಲ್ಲ. ನಿನ್ನ ತಂಗಿಗೆ ಎರಡು ಸಲ ಹೇಳಿದೆ, ಎರಡು ಸಲವೂ ನಕ್ಕಳು. ನೀನೇ ಅವಳಿಗೆ ಹೇಳು. ನೀನು ಹೇಳಿದರೆ ನಂಬುತ್ತಾಳೆ. ಚಿಕ್ಕಂದಿನಿಂದಲೂ ಸುಳ್ಳು ಹೇಳುವಾಗ ನಿನಗೆ ನಗು ಬಂದುಬಿಡುತ್ತದೆ.