ವಿನೋದಾಳ ಅನುಭವ ಪತ್ರ

ಫೆಬ್ರವರಿ ೪, ಮಂಗಳವಾರ. ಬೆಳಿಗ್ಗೆ ೫

ಇಡ್ಲಿಯ ಮೊದಲ ಒಬ್ಬೆ ಇಳಿಯಿತು. ಸೊಸೆ ವಿನೋದಾ ಸಾಂಬಾರಿಗೆ ಮಸಾಲೆ ಹುರಿಯುತ್ತಿದ್ದಾಳೆ. ಹನ್ನೊಂದು ವರ್ಷದಿಂದ ನಮ್ಮ ಡೊಂಬಿವಲಿ ಹೋಟೆಲಿನಲ್ಲಿ ಒಲೆ ಅವಳದು, ಗಲ್ಲಾ ನನ್ನದು. ಲೈಸೆನ್ಸೂ ನನ್ನ ಹೆಸರಿನಲ್ಲೇ.

ನಿನ್ನೆ ಭುಜಂಗನ ಫೋನ್. ಕಾರ್ಕಳದವನು, ಜರ್ಮನಿಯಲ್ಲಿ ಹೋಟೆಲ್ ಇಟ್ಟಿದ್ದಾನೆ. ಕಳೆದ ತಿಂಗಳು ಇಲ್ಲಿ ನೀರುದೋಸೆ ತಿಂದು ಹೋದವನು, ಈಗ ಸೊಸೆಯನ್ನೇ ಹೆಡ್ ಕುಕ್ ಆಗಿ ಕಳಿಸಿ ಎನ್ನುತ್ತಾನೆ. ಎಷ್ಟು ಧೈರ್ಯ!

ವಿನೋದಾಳನ್ನು ಕೇಳಿದೆ. ಬಾಣಲೆಯಿಂದ ಕಣ್ಣು ತೆಗೆಯಲಿಲ್ಲ. "ನನಗೆ ಹೋಗಲಿಕ್ಕೆ ಮನಸ್ಸುಂಟು ಅತ್ತೆ."

ಈ ಮನೆಗೆ ಬಂದ ಮೇಲೆ ತನಗೆ ಇಂಥದು ಬೇಕು ಎಂದು ಅವಳು ಹೇಳಿದ್ದು ಇದೇ ಮೊದಲು.

ಫೆ. ೫, ಬುಧವಾರ

ಸುಜನ್ ಸಿಟ್ಟಿನಿಂದ ಕುಣಿದಾಡಿದ. ನನ್ನ ಮಗ, ಅವಳ ಗಂಡ. "ಅವಳು ಮುಂದೆ, ನಾನು ಹಿಂದಿನಿಂದ ಡಿಪೆಂಡೆಂಟ್ ವೀಸಾದಲ್ಲಾ? ಜನ ಎಂತ ಹೇಳ್ತಾರಮ್ಮ?"

"ನಿನ್ನಪ್ಪನ ಹಿಂದೆ ನಾನು ಡೊಂಬಿವಲಿಗೆ ಬಂದದ್ದು ಯಾವ ವೀಸಾದಲ್ಲಿ ಮಾರಾಯ?"

ಮೊಮ್ಮಗಳು ಮಾನಸಿ ಚಪ್ಪಾಳೆ ತಟ್ಟಿದಳು — "ಪಪ್ಪಾ ಆವುಟ್ ಹೋ ಗಯಾ!" ಗದರಿದೆ. ನನಗೂ ನಗು ಬಂದಿತ್ತು...

ಅವಳು ಹೋದರೆ ಇಲ್ಲಿ ಅಡುಗೆಗೆ ಯಾರು ಎಂದು ಸುಜನ್ ಕೇಳುತ್ತಾನೆ. ನಾನು. ವಯಸ್ಸು ಅರವತ್ತೆಂಟು ಎಂದು ಹೆದರಿಸುವವರು ಬಂದು ಉಂಡು ನೋಡಲಿ.

ಫೆ. ೮, ಶನಿವಾರ

ವಿನೋದಾಳೊಂದಿಗೆ ಮಾಜಿವಾಡಾದ ವೀಸಾ ಏಜೆಂಟ್ ಕಶ್ಯಪನ ಆಫೀಸಿಗೆ. ಎಸಿ, ಗಾಜು. ಅವನದು ಬೆಂಗಳೂರಿನ ಮಾತು. "ನೋಡಿ ಆಂಟಿ, ಓದೋಕೆ ಹೋಗೋ ವೀಸಾ ಬೇರೆ, ಕೆಲಸ ಹುಡುಕೋಕೆ ಹೋಗೋದು ಬೇರೆ. ಎರಡಕ್ಕೂ ಇವರ ಓದು ಸಾಲಲ್ಲ. ಸ್ಪೆಷಾಲಿಟಿ ಕುಕ್, ಅಂದ್ರೆ ನಮ್ಮ ದೇಶದ ಅಡುಗೇಲಿ ಪಳಗಿದೋರು ಅಂತ ಹೋಗಬಹುದು. ಆರು ವರ್ಷದ ಸ್ಯಾಲರಿ ಸ್ಲಿಪ್ ಕೊಡಿ."

"ಮನೆ ಸೊಸೆಗೆ ಯಾರಪ್ಪ ಸಂಬಳ ಕೊಡ್ತಾರೆ?"

"ಹಾಗಾದ್ರೆ ಪೇಪರ್ ಮೇಲೆ ಇವರು ಕುಕ್ಕೇ ಅಲ್ಲ. ಚಿಂತೆ ಬೇಡ, ಕಾಮೋಠೇಲಿ ನಮ್ಮವರದ್ದೊಂದು ಹೋಟೆಲ್ ಇದೆ. ಅಲ್ಲೇ ಕೆಲಸಕ್ಕಿದ್ರು ಅಂತ ಸ್ಲಿಪ್ ಮಾಡಿಸೋಣ."

ಅವನು ತರಿಸಿದ ಚಹಾ ಸರಿಸಿ ಎದ್ದೆ. "ನನ್ನ ಒಲೆ ಮುಂದೆ ಪಳಗಿದವಳನ್ನ ಕಾಮೋಠೆಯವನ ಆಳು ಅಂತ ಬರೀತೀಯಾ? ನಿನ್ನ ಚಹಾ ನೀನೇ ಕುಡಿ."

ಲೋಕಲ್ ರೈಲಿನಲ್ಲಿ ನಿಂತೇ ಬಂದೆವು. ಕೋಪರ್ ಸ್ಟೇಷನ್ ದಾಟಿದ ಮೇಲೆ ವಿನೋದಾ ಬಾಯಿಬಿಟ್ಟಳು. "ಪೇಪರಿನಲ್ಲಿ ನಾನು ಯಾರೂ ಅಲ್ಲ ಅಂದ್ನಲ್ಲ ಅತ್ತೆ, ಅದು ಸುಳ್ಳಲ್ಲ."

ಡೊಂಬಿವಲಿ ಬಂತು, ಇಳಿದೆವು.

ಫೆ. ೧೯, ಬುಧವಾರ

ಇಷ್ಟು ದಿನ ಬರೆಯಲಿಲ್ಲ. ಏನು ಬರೆಯುವುದು?

ಇವತ್ತು ಕಪಾಟು ಕೆದಕಿದೆ. ಹೋಟೆಲಿನಲ್ಲಿ ಆಹಾರ ಮುಟ್ಟುವವರಿಗೆ ವರ್ಷಕ್ಕೊಮ್ಮೆ ಡಾಕ್ಟರ್ ತಪಾಸಣೆ ಆಗಲೇಬೇಕು. ಹನ್ನೊಂದು ಸರ್ಟಿಫಿಕೇಟ್ ಸಿಕ್ಕಿದವು. ಹೆಸರು ವಿನೋದಾ. ಕೆಲಸ — ಕುಕ್. ಡಾಕ್ಟರು ಬರೆದಿದ್ದರು. ನಾನು ಫೈಲಿಗೆ ಹಾಕಿದ್ದೆ, ಓದಿರಲಿಲ್ಲ.

ಕಲ್ಯಾಣದ ವಕೀಲ ಮಧ್ವರಾಜನಿಗೆ ತೋರಿಸಿದೆ. "ಇದು ಒಳ್ಳೆ ಆಧಾರ. ಜೊತೆಗೆ ಮಾಲಕರಾದ ನಿಮ್ಮ ಅನುಭವ ಪತ್ರ ಬೇಕು. ಸಂಬಳ ಇಲ್ಲದಿದ್ರೆ ಇಲ್ಲ ಅಂತಲೇ ಬರೀರಿ. ವೀಸಾ ಕೊಡೋದು ಬಿಡೋದು ಜರ್ಮನಿಯವರಿಗೆ ಬಿಟ್ಟದ್ದು. ಸುಳ್ಳಂತೂ ಬೇಡ."

ಮನೆಯಲ್ಲಿ ಸುಜನ್: "ಸಂಬಳ ಕೊಡಲಿಲ್ಲ ಅಂತ ಕೈಯಾರೆ ಬರೆದುಕೊಡೋದಾ? ಮರ್ಯಾದೆ ಹೋಗ್ತದೆ."

"ಯಾರದ್ದು?"

"ನಿಮ್ಮದೇ."

"ನನ್ನದಲ್ವಾ? ನಾನು ನೋಡಿಕೊಳ್ತೇನೆ. ನೀನು ಹೋಗಿ ತೆಂಗಿನಕಾಯಿ ತುರಿ."

ಫೆ. ೨೧, ಶುಕ್ರವಾರ. ಮಧ್ಯಾಹ್ನ ೩

ಊಟದ ಗಿರಾಕಿಗಳು ಮುಗಿದರು. ಪತ್ರ ಮೊದಲು ಇಲ್ಲಿ, ಆಮೇಲೆ ಲೆಟರ್‌ಹೆಡ್ ಮೇಲೆ. ಇಂಗ್ಲಿಷಿಗೆ ಮಧ್ವರಾಜ ತಿರುಗಿಸಲಿ.

'ವಿನೋದಾ ನನ್ನ ಸೊಸೆ' — ಹೊಡೆದು ಹಾಕಿದೆ. 'ವಿನೋದಾ ನನ್ನ ಹೋಟೆಲಿನ ಮುಖ್ಯ ಅಡುಗೆಯವರು. ಹನ್ನೊಂದು ವರ್ಷ, ದಿನಕ್ಕೆ ಹತ್ತು ಗಂಟೆ. ಸಂಬಳ ಕೊಟ್ಟಿಲ್ಲ. ಅವರು ಕೇಳಿಲ್ಲ' — ಕೊನೆಯದು ಬೇಡ. ಹೊಡೆದೆ. 'ಕೊಟ್ಟಿಲ್ಲ. ಕೊಡಬೇಕಾಗಿತ್ತು.'

ಅಡಿಯಲ್ಲಿ ನನ್ನ ಹೆಸರು ಬರೆದೆ.

ವಿನೋದಾ ಚಹಾ ತಂದಳು. ಪುಸ್ತಕ ಮುಚ್ಚಲಿಲ್ಲ. ಬೆನ್ನ ಹಿಂದೆ ನಿಂತು ಓದಿದಳು, ಎರಡು ಸಲ. ಅಳುತ್ತಾಳೆ ಎಂದುಕೊಂಡೆ.

"ಹತ್ತಲ್ಲ ಅತ್ತೆ. ಹದಿನಾಲ್ಕು."

ಮುಖ ನೋಡಿದೆ. ಅವಳು ಕಣ್ಣು ತಗ್ಗಿಸಲಿಲ್ಲ. ಒಳ್ಳೆಯದು... ಹೀಗೇ ಇರಬೇಕು ಅಲ್ಲಿ.

ತಿದ್ದುತ್ತೇನೆ. ಹನ್ನೊಂದು ವರ್ಷ, ದಿನಕ್ಕೆ —