ಮಾರಾಟದ ಮಾಲು

ಗೋಂದು,

ನನ್ನ ಅಕ್ಷರ ಕಂಡರೆ ನೀನು ಓದದೇ ಹರಿದು ಹಾಕುತ್ತೀಯ. ಹಾಗಾಗಿ ಇದನ್ನು ಕಳಿಸುವುದಿಲ್ಲ.

ಇವತ್ತು ನಿನ್ನ ಆಟ ನೋಡಿದೆ. ನೆರೆಹೊರೆ ದೇಶಗಳ ಚಾಂಪಿಯನ್ ಕ್ಲಬ್ಬುಗಳ ಈ ಫುಟ್‌ಬಾಲ್ ಟೂರ್ನಿ ಮಾಲೀಕರ ಸಂತೆ ಎಂದು ಈಗಲೂ ನಂಬುತ್ತೇನೆ. ಆದರೂ ಟಿಕೆಟ್ ಕೊಂಡೆ. ನೀನು ಗಡಿಯಾಚೆಯ ದೇಶದ ಕ್ಲಬ್ಬಿನ ಗೋಲ್‌ಕೀಪರ್ ಆಗಿ ನಮ್ಮೂರಿಗೇ ಬಂದಿದ್ದೆ. ನಮ್ಮ ಪ್ರೆಸ್ಸಿನಲ್ಲಿ ಪುಸ್ತಕಗಳ ಬೆನ್ನಿಗೆ ಗೋಂದು ಬಳಿದು ಬಳಿದು ನಿನಗೆ ಆ ಹೆಸರು ತಂದ ಕೈಗಳಿಗೆ ಹಳದಿ ಗ್ಲೌಸು.

ಮೊದಲ ಸಲ ನೀನು ಚೆಂಡು ಹಿಡಿದಾಗಲೇ ಯಾರೋ "ಮಾರಾಟದ ಮಾಲು!" ಎಂದು ಕೂಗಿದರು. ನೋಡನೋಡುತ್ತಲೇ ಇಡೀ ಮೈದಾನ ಚಪ್ಪಾಳೆ ತಟ್ಟಿ ಅದನ್ನೇ ಕೂಗತೊಡಗಿತು. ನೀನು ನಮ್ಮ ಕಾರ್ಮಿಕರ ತಂಡ ಬಿಟ್ಟು ಗಡಿ ದಾಟಿದ ವಾರ ನಾನು ಊರೆಲ್ಲ ಹಂಚಿದ ಕರಪತ್ರದ ತಲೆಬರಹ ಅದು. ಗಡಿ ಎಂಬುದು ಆಳುವವರು ಎಳೆದ ಗೆರೆ ಎಂದು ಅದಕ್ಕೂ ಮೊದಲಿನ ಕರಪತ್ರದಲ್ಲಿ ಬರೆದವನೂ ನಾನೇ. ಆ ಹಳೆಯ ಕರಪತ್ರಗಳನ್ನು ರಾತ್ರಿಯಿಡೀ ಕೂತು ಮಡಿಸಿಕೊಟ್ಟವನು ನೀನು.

ಪಕ್ಕದಲ್ಲಿದ್ದ ಬಸ್ ಡ್ರೈವರ್ ತಿವಿದ. "ಏನಯ್ಯಾ, ನಾಲಿಗೆ ಮನೇಲಿ ಬಿಟ್ಟು ಬಂದ್ಯಾ? ಕೂಗು!"

"ಅವನು ನನ್ನ ಗೆಳೆಯ ಕಣಣ್ಣ."

"ಹಾಗಾದ್ರೆ ನೀನು ಇನ್ನೂ ಜೋರಾಗಿ ಕೂಗ್ಬೇಕು!"

ಎದ್ದು ನಿಂತು, ಗಂಟಲು ಹರಿಯುವಂತೆ "ಗೋಂದು!" ಎಂದೆ. ಆಗಲೇ ನೀನು ನಮ್ಮ ಗ್ಯಾಲರಿಯತ್ತ ತಿರುಗಿದೆ. ಅಲ್ಲಿ ಎಲ್ಲರೂ ಬಾಯಿ ತೆರೆದು ಕೂಗುತ್ತಿದ್ದರು. ನನ್ನ ಬಾಯಿಯೂ ತೆರೆದಿತ್ತು.

ನೀನು ನನ್ನ ಗುರುತು ಹಿಡಿದೆ. ಆಮೇಲೆ ತಲೆ ತಗ್ಗಿಸಿ, ಗ್ಲೌಸಿನ ಪಟ್ಟಿ ಬಿಗಿ ಮಾಡಿಕೊಂಡೆ.